ಕಂಪ್ಯೂಟರಿಗೆ ಹೋದ ಎಡಗಾಲು

ಶ್ರೀಲತಾಳ ಓದು ಶುರುವಾದ ಮೇಲೆ ಬೀಜಾಡಿಯಲ್ಲಿ ಕಡಲೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆಕೆ ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯ ನರ್ಸು. ಸೊಳ್ಳೆಯ ಕಾಲಿಗೂ ಡ್ರಿಪ್ ಹಾಕಬಲ್ಲಳು, ಸೊಳ್ಳೆಗೆ ಗೊತ್ತೂ ಆಗದು ಎಂಬ ಹೆಸರು ಪಡೆದವಳು. ಅಂಥವಳ ತಲೆಯ ಮೇಲೆ, ಸೂಜಿ ಕಂಡರೆ ರೋಗಿಗಿಂತ ಮೊದಲು ತಾನೇ ಕಣ್ಣು ಮುಚ್ಚುವ ಒಬ್ಬ ಹೊಸ ಹುಡುಗಿಯನ್ನು ವಾರ್ಡಿನ ಇನ್‌ಚಾರ್ಜ್ ಮಾಡಿ ಕೂರಿಸಿದ್ದರು. ಕಾರಣ ಒಂದೇ. ಹುಡುಗಿಯ ಹತ್ತಿರ ಬಿ.ಎಸ್ಸಿ. ನರ್ಸಿಂಗ್ ಡಿಗ್ರಿ ಇತ್ತು, ಶ್ರೀಲತಾಳ ಹತ್ತಿರ ಇದ್ದದ್ದು ಬರೀ ಡಿಪ್ಲೊಮಾ. ಆ ಹುಡುಗಿ ಮೊದಲ ದಿನವೇ "ಸಿಸ್ಟರ್, ಸ್ವಲ್ಪ ಬೇಗ ಬೇಗ" ಎಂದು ಕೈ ತಟ್ಟಿದ್ದೇ ತಡ, ಶ್ರೀಲತಾ ಮನೆಗೆ ಬಂದು ದೂರದ ಡೆಲ್ಲಿಯ ಯಾವುದೋ ಯೂನಿವರ್ಸಿಟಿಯ ಆನ್‌ಲೈನ್ ಕೋರ್ಸಿಗೆ ಹೆಸರು ಹಚ್ಚಿದಳು.

ಅದು ಎರಡು ಸಾವಿರದ ಹದಿಮೂರನೆಯ ಇಸವಿ. ಬೀಜಾಡಿಯ ಆ ಮನೆಯಲ್ಲಿ ಡೋಂಗಲನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದರೆ ಮಾತ್ರ ನೆಟ್ ಸಿಗುತ್ತಿತ್ತು. ಒಂದು ಪಾಠದ ವಿಡಿಯೊ ತೆರೆದುಕೊಳ್ಳುವಷ್ಟರಲ್ಲಿ ಹೊರಗೆ ಕಡಲು ಉಬ್ಬಿ, ಇಳಿದು, ಬೇಜಾರಾಗಿ ಮತ್ತೆ ಉಬ್ಬುತ್ತಿತ್ತು. ಪಾಠ ಮಾಡುವ ಮೇಡಂ ಬಾಯಿ ತೆರೆದವರು ಹಾಗೇ ಕಲ್ಲಾಗಿ ನಿಲ್ಲುತ್ತಿದ್ದರು. ಆ ತೆರೆದ ಬಾಯಿಯ ಎದುರಿನಲ್ಲೇ ಶ್ರೀಲತಾ ಗಂಜಿ ಬಸಿದು, ಸಾರು ಕುದಿಸಿ, ಜಡೆ ಹಾಕಿ, ಬಸ್ಸಿಗೆ ಓಡುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಹೃದಯದ ಕವಾಟಗಳನ್ನು ಓದುತ್ತ ಕೂತವಳು ಕುಂದಾಪುರದಲ್ಲಿ ಇಳಿಯುವುದನ್ನೇ ಮರೆತು ಯಡ್ತರೆ ದಾಟಿ ಬೈಂದೂರು ಮುಟ್ಟಿದ್ದಳು. ಕಂಡಕ್ಟರ್ ಪುಸ್ತಕ ಮುಚ್ಚದೆ ಇದ್ದಿದ್ದರೆ ಗೋವಾಕ್ಕೂ ಹೋಗುತ್ತಿದ್ದಳು ಎಂಬುದು ಊರಿನವರ ಲೆಕ್ಕ.

ಗಂಡ ಚಂದ್ರ ಗಂಗೊಳ್ಳಿಯ ಬೋಟಿನಲ್ಲಿ ಕೆಲಸಕ್ಕಿದ್ದ. ಅವನು ಮನೆಗೆ ಬರುವುದು ಮೀನುಗಳು ಮನಸ್ಸು ಮಾಡಿದರೆ ಮಾತ್ರ. ಹಾಗಾಗಿ ಮನೆಯಲ್ಲಿ ಇದ್ದವರು ಇಬ್ಬರೇ, ಶ್ರೀಲತಾ ಮತ್ತು ಅತ್ತೆ ಸೀತು.

ಸೀತುವಿನ ಗಂಟಲು ಎಂದರೆ ಸಾಮಾನ್ಯ ಗಂಟಲಲ್ಲ. ಕೋಟೇಶ್ವರದ ಮೀನು ಮಾರ್ಕೆಟ್ಟಿನಲ್ಲಿ ಕೂತು ಅವಳು "ಬಂಗ್ಡೆ" ಎಂದು ಒಂದು ಸಲ ಕೂಗಿದರೆ ಸಾಕು, ತೆಕ್ಕಟ್ಟೆಯ ಹೆಂಗಸರು ಮಸಾಲೆ ಅರೆಯಲು ಶುರು ಮಾಡುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವಳು, ಸೊಸೆಯ ಓದಿನ ಬಗ್ಗೆ ಮಾತ್ರ ಇಡೀ ಕರಾವಳಿಗೆ ಸುದ್ದಿ ಹಂಚುತ್ತಿದ್ದಳು. "ನನ್ ಸೊಸಿ ಕಂಪ್ಯೂಟ್ರಂಗೇ ಕಾಲೇಜಿಗ್ ಹೋತ್ಳ್" ಎಂದು ಗಿರಾಕಿಗೆ ಮೀನಿನ ಜೊತೆ ಕಟ್ಟಿಕೊಡುತ್ತಿದ್ದಳು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವಳ ಪಾದಗಳನ್ನು ಮರದ ತುಂಡು ಮಾಡಿಟ್ಟಿತ್ತು. ಕೆಂಡದ ಮೇಲೆ ನಡೆದರೂ ಯಾರೋ ಬೇರೆಯವರು ನಡೆದಂತೆ.

ಒಂದು ಬೆಳಿಗ್ಗೆ ಶ್ರೀಲತಾ ಏಳುವಾಗ ಮನೆಯ ನೆಲದ ತುಂಬ ಒಂದೇ ಕಾಲಿನ ಕೆಂಪು ಹೆಜ್ಜೆಗಳಿದ್ದವು. ಅಡುಗೆಮನೆಯಿಂದ ದೇವರ ಮೂಲೆಗೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಒಳಗೆ. ಹೆಜ್ಜೆಗಳ ಕೊನೆಯಲ್ಲಿ ಸೀತು ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಕಡಲ ಚಿಪ್ಪಿನ ಚೂರೊಂದು ಹೊಕ್ಕು ಕೂತಿತ್ತು.

"ನೋಯ್ಲಿಲ್ಯಾ ಅತ್ತೆ?"

"ಎಂತದ್ ನೋಯುಕೆ?" ಎಂದು ಸೀತು ತನ್ನ ಕಾಲನ್ನೇ ಅಪರಿಚಿತರ ಕಾಲಿನಂತೆ ತಿರುಗಿಸಿ ನೋಡಿದಳು.

ಶ್ರೀಲತಾಳಿಗೆ ಆ ನೋಟ ಸರಿ ಕಾಣಲಿಲ್ಲ. ಆದರೆ ಅದೇ ವಾರ ಕೋರ್ಸಿನ ಕೊನೆಯ ದೊಡ್ಡ ಅಸೈನ್‌ಮೆಂಟ್ ಬಂದಿತ್ತು. ದೀರ್ಘ ಕಾಯಿಲೆಯ ಒಬ್ಬ ರೋಗಿಯ ಗಾಯವನ್ನು ಅವರ ಮನೆಯಲ್ಲೇ ಎಂಟು ವಾರ ಆರೈಕೆ ಮಾಡಬೇಕು. ವಾರಕ್ಕೊಂದು ಫೋಟೊ, ವಾರಕ್ಕೊಂದು ವರದಿ. ನಡುವೆ ಗಾಯ ವಾಸಿಯಾದರೂ, ರೋಗಿ ಆಸ್ಪತ್ರೆ ಸೇರಿದರೂ ಆ ಕೇಸು ರದ್ದು. ಮತ್ತೆ ಮುಂದಿನ ವರ್ಷ ಹೊಸ ರೋಗಿ, ಹೊಸ ಎಂಟು ವಾರ. ಅಷ್ಟರವರೆಗೆ ಆ ಹುಡುಗಿಯ ಕೈ ಚಪ್ಪಾಳೆಗೆ ಓಡುತ್ತಿರಬೇಕು. ಊರೆಲ್ಲ ಹುಡುಕಿದರೂ ಇಷ್ಟು ಹತ್ತಿರದ, ಇಷ್ಟು ಅಚ್ಚುಕಟ್ಟಾದ ಗಾಯ ಎಲ್ಲಿ ಸಿಗಬೇಕು?

"ಅತ್ತೆ, ನಿಮ್ ಕಾಲ್ ನನ್ ಪರೀಕ್ಷೆಗೆ ಹಾಕ್ತೆ. ಹೆಸ್ರ್ ಹಾಕುಕಿಲ್ಲೆ. ಬರೀ 'ಎಸ್' ಅಂದೇಳಿ."

"ಹೆಸ್ರ್ ಎಂತಕ್ಕ್ ಹಾಕುಕಿಲ್ಲೆ? ಕದ್ದ್ ತಂದ ಕಾಲಾ?"

"ರೂಲ್ಸ್ ಹಾಂಗೆ ಇತ್ತ್."

"ರೂಲ್ಸ್ ಮಾಡ್ದವ್ರಿಗ್ ಅಬ್ಬಿ ಅಪ್ಪ ಹೆಸ್ರ್ ಇಡ್ಲಿಲ್ಯಾ?" ಎಂದಳು ಸೀತು. ಆದರೂ ಮೊದಲ ಫೋಟೊದ ದಿನ ಕಾಲಿಗೆ ಸೋಪು ಹಚ್ಚಿ ತೊಳೆದು, ಉಂಗುರ ಹಾಕಿ, ಬಿಸಿಲಿಗೆ ಚಾಚಿ ಕೂತಿದ್ದಳು. ಮದುವೆ ಹೆಣ್ಣೂ ಅಷ್ಟು ಹೊತ್ತು ಕದಲದೆ ಕೂರುವುದಿಲ್ಲ.

ನಡೆಯಬಾರದು, ಮಾರ್ಕೆಟ್ಟಿಗೆ ಹೋಗಬಾರದು ಎಂದು ಶ್ರೀಲತಾ ಕಟ್ಟು ಮಾಡಿದಳು. ಸೀತುವಿನ ಜಾಗದಲ್ಲಿ ಮೀನು ಮಾರಲು ಹೊರಟವಳು ನೆರೆಮನೆಯ ಜಲಜ. ಅವಳು ದಿನಾ ಮಾರ್ಕೆಟ್ಟಿಗೆ ಹೋಗುವ ಮೊದಲು ಸೀತುವಿನ ಹಿತ್ತಲಿಗೆ ಬಂದು, ಬಾವಿಕಟ್ಟೆಯಲ್ಲಿ ಮೀನು ತೊಳೆದು ಬುಟ್ಟಿ ಹೊರುತ್ತಿದ್ದಳು.

"ಹ್ವಾಯ್ ಸೀತಕ್ಕ, ನಿನ್ ಕಾಲ್ ಡೆಲ್ಲಿ ಮುಟ್ಟಿತಂಬ್ರಲೆ," ಎಂದು ಜಲಜ ಕೆಣಕುವಳು. "ಅಲ್ಲಿನ ಡಾಕ್ಟ್ರಿಗ್ ಕಾಂಬುಕೆ ಚಂದದ್ ಕಾಲ್ ಯಾವ್ದೂ ಸಿಕ್ಲಿಲ್ಯಾ?"

"ನಿನ್ ಕಾಲ್ ಕಳ್ಸಿರೆ ಕಂಪ್ಯೂಟ್ರೇ ಬಂದ್ ಆತಿತ್. ಮೀನ್ ತೊಳಿ, ಬಾಯ್ ತೊಳಿಬ್ಯಾಡ."

ಶ್ರೀಲತಾಳ ಆರೈಕೆ ಎಂದರೆ ಅಂತಿಂಥದ್ದಲ್ಲ. ರಾಜನ ಗಾಯವನ್ನೂ ಯಾರೂ ಅಷ್ಟು ಮುತುವರ್ಜಿಯಿಂದ ಕಟ್ಟಿರಲಿಕ್ಕಿಲ್ಲ. ಸೀತುವಿನ ಸಕ್ಕರೆ ಇಳಿಯಿತು. ಗಾಯದ ಅಂಚು ಗುಲಾಬಿಯಾಗಿ ಒಳಮುಖ ಹೊರಟಿತು. ಮೂರನೆಯ ಫೋಟೊ ತೆಗೆಯುವಾಗ ಅದು ಹುಣಸೆಬೀಜದಷ್ಟಾಗಿ ಕುಗ್ಗಿತ್ತು. ಯಾವ ನರ್ಸಾದರೂ ಕುಣಿಯಬೇಕಾದ ಗಳಿಗೆ. ಶ್ರೀಲತಾ ಮಾತ್ರ ಬೆರಳು ಮಡಿಸಿ ಉಳಿದ ವಾರಗಳನ್ನು ಎಣಿಸಿದಳು. ಹೀಗೇ ಹೋದರೆ ಇದು ಐದನೆಯ ವಾರಕ್ಕೆ ಮುಚ್ಚಿಹೋಗುತ್ತದೆ.

ಆ ಸಂಜೆ ಅವಳು ಬ್ರಹ್ಮಾವರದ ಪ್ರಣೀತಾಳಿಗೆ ಫೋನು ಹಚ್ಚಿದಳು. ಪ್ರಣೀತಾ ಅದೇ ಕೋರ್ಸಿನವಳು, ಅವಳೂ ನರ್ಸು.

"ನಂದ್ ಕತೆ ಮುಗೀತ್ ಮಾರಾಯ್ತಿ. ಅತ್ತಿ ಗಾಯ ಒಣ್ಗ್ತಾ ಬಂತ್. ಎಂಟ್ ವಾರದೊಳ್ಗೆ ಒಣ್ಗಿರೂ, ಆಸ್ಪತ್ರೆ ಸೇರಿರೂ ನನ್ ಕೇಸ್ ಹೋಯ್ತ್, ಇನ್ನೊಂದ್ ವರ್ಷ ಆ ಹೆಣ್ಣಿನ್ ಕೈ ಕೆಳ್ಗೇ ಸಾಯ್ಕ್."

ಆ ಕಡೆಯಿಂದ ಪ್ರಣೀತಾ, "ಅತ್ತಿ ಗಾಯ ಒಣ್ಗುದ್ ಬ್ಯಾಡ ಅಂಬ ಸೊಸಿ ನೀನೊಬ್ಳೇ ಅಲ್ಲ, ಆರೆ ಬಾಯ್ಬಿಟ್ ಹೇಳ್ದವ್ಳ್ ನೀನೊಬ್ಳೇ," ಎಂದು ನಕ್ಕಳು. ಶ್ರೀಲತಾಳೂ ನಕ್ಕಳು. ನಗುತ್ತಾ ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಸೀತು ನಿಂತಿದ್ದಳು.

ಆ ಬಾಯಿ ಮಾತಿಲ್ಲದೆ ಮುಚ್ಚಿಕೊಂಡದ್ದು ಬೀಜಾಡಿ ಹುಟ್ಟಿದ ಮೇಲೆ ಅದೇ ಮೊದಲು. ಗೋಡೆ ಹಿಡಿದು, ಎಡಗಾಲನ್ನು ಎತ್ತಿ ಎತ್ತಿ ಇಡುತ್ತ ಅವಳು ಜಗಲಿಗೆ ಹೋಗಿ ಕೂತು ಕಡಲಿನ ಕಡೆ ನೋಡಿದಳು.

ಮರುದಿನದಿಂದ ಗಾಯ ಕುಗ್ಗುವುದನ್ನು ನಿಲ್ಲಿಸಿತು.

ಮೊದಲಿಗೆ ಶ್ರೀಲತಾ ಅದನ್ನು ದೇವರ ದಯೆ ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ತಾನೇ ನಾಚಿ ಇನ್ನೆರಡು ಸಲ ಸಕ್ಕರೆ ನೋಡಿದಳು, ಮುಲಾಮು ಬದಲಿಸಿದಳು. ಗಾಯ ಹಿಂದೆ ಹೋಗಲಿಲ್ಲ, ಮುಂದೂ ಬರಲಿಲ್ಲ. ಒದ್ದೆಯಾಗಿ, ತುಟಿ ತೆರೆದು, ಏನನ್ನೋ ಹೇಳಲು ಕಾದಂತೆ ಕೂತಿತ್ತು. ಒಂದು ಸಂಜೆ ಗಾಯದ ಕಟ್ಟು ಬಿಚ್ಚುವಾಗ ಗಾಜ್ ಬಟ್ಟೆಯ ಒಳಪದರದಲ್ಲಿ ಬೆಳ್ಳಗೆ ಏನೋ ಮಿನುಗಿತು. ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದಳು. ಮೀನಿನ ಹುರುಪೆ.

ಮೀನುಗಾರರ ಮನೆ. ಅಲ್ಲಿ ಹುರುಪೆ ದಿಂಬಿನಲ್ಲೂ ಸಿಗುತ್ತದೆ, ದೇವರ ದೀಪದಲ್ಲೂ ಸಿಗುತ್ತದೆ, ಚಂದ್ರನ ಮದುವೆಯ ಫೋಟೊದ ಗಾಜಿನೊಳಗೂ ಒಂದು ಇದೆ. ಶ್ರೀಲತಾ ಅದನ್ನು ಒರೆಸಿ ಬಿಸಾಡಿದಳು. ಆದರೆ ಬಿಗಿಯಾಗಿ ಕಟ್ಟಿದ ಎಲ್ಲ ಪದರಗಳ ಅಡಿಗೆ ಅದು ಹೊಕ್ಕಿದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ಬಿಸಾಡಿದಲ್ಲಿಂದ ಎದ್ದು ಬಂದು ಅವಳ ಜೊತೆಗೇ ಊಟಕ್ಕೆ ಕೂತಿತು.

ಟ್ಯೂಟರ್ ಮೇಡಂ ಕಂಪ್ಯೂಟರಿನಲ್ಲಿ ಉತ್ತರ ಕಳಿಸಿದ್ದರು. ಗುಣವಾಗದೆ ನಿಂತ ಗಾಯ, ಕಲಿಕೆಗೆ ಬಹಳ ಒಳ್ಳೆಯ ಕೇಸ್, ಹೀಗೇ ಮುಂದುವರಿಸಿ ಎಂದು.

"ಎಂತ ಬರ್ದಿರ್?" ಎಂದಳು ಸೀತು.

"ಒಳ್ಳೆ ಕೇಸ್ ಅಂದ್ರ್ ಅತ್ತೆ."

"ಒಳ್ಳೇದ್," ಎಂದಳು ಸೀತು. ಅವಳ ಮುಖ ಬುಟ್ಟಿ ಖಾಲಿ ಮಾಡಿ ಮನೆಗೆ ಬಂದ ದಿನದ ಮುಖದಂತೆ ಬೆಳಗಿತು. "ಎಷ್ಟ್ ವಾರ ಇತ್ತ್ ಇನ್ನ್?"

ಆರನೆಯ ವಾರ ವಾಸನೆ ಬಂತು. ಮೊದಲು ಸಣ್ಣಗೆ, ಆಮೇಲೆ ಜಗಲಿಗೆ ಕಾಲಿಡುವಾಗಲೇ ಎದುರು ಬರುವಷ್ಟು. ಬೀದಿಯ ಬೆಕ್ಕುಗಳೆಲ್ಲ ಬಂದು ಸೀತುವಿನ ಮಂಚದ ಕೆಳಗೆ ಸಾಲಾಗಿ ಕೂರತೊಡಗಿದವು. ಓಡಿಸಿದರೆ ಹೋಗಿ, ಬೇರೆ ಊರಿನ ಬೆಕ್ಕುಗಳನ್ನೂ ಕರೆದುಕೊಂಡು ಬರುತ್ತಿದ್ದವು. ಗಾಯದ ಅಂಚಿನಲ್ಲಿ ಕಾಡಿಗೆ ಎಳೆದಂತೆ ಒಂದು ಕಪ್ಪು ಗೆರೆ ಮೂಡಿತ್ತು. ಶ್ರೀಲತಾ ಆ ಗೆರೆಯನ್ನು ನೂರು ಕಾಲುಗಳಲ್ಲಿ ಕಂಡವಳು. ಅದರ ಹೆಸರು ಗೊತ್ತು, ಅದು ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತು. ಬೇರೆ ಯಾರ ಕಾಲಾಗಿದ್ದರೂ ಅದೇ ಗಳಿಗೆಯಲ್ಲಿ ರಿಕ್ಷಾ ಕರೆಯುತ್ತಿದ್ದಳು.

ಮರುದಿನ ಆಸ್ಪತ್ರೆಯ ವರಾಂಡದಲ್ಲಿ ಸರ್ಜನ್ ಉಮಾನಾಥ ಡಾಕ್ಟರು ಎದುರಾದರು. "ಅತ್ತೆ ಕಾಲು ಹೇಗಿದೆ ಸಿಸ್ಟರ್? ಒಮ್ಮೆ ಕರೆದುಕೊಂಡು ಬನ್ನಿ, ನೋಡುವ."

ಶ್ರೀಲತಾಳ ಬಾಯಿಗೆ ಕಪ್ಪು ಗೆರೆಯ ಮಾತು ಬಂತು, ನಾಲಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ವಾರ್ಡಿನ ಒಳಗಿನಿಂದ ಚಪ್ಪಾಳೆ ಕೇಳಿಸಿತು. "ಸಿಸ್ಟರ್, ಸ್ವಲ್ಪ ಬೇಗ."

"ಪರವಾಗಿಲ್ಲ ಸರ್," ಎಂದಳು ಶ್ರೀಲತಾ. "ಒಣಗುತ್ತಾ ಇದೆ."

ಅಡ್ಮಿಟ್ ಮಾಡಿ ಎಂದು ಡಾಕ್ಟರು ಹೇಳಿದರೆ ಕೇಸು ಅಲ್ಲಿಗೆ ಮುಗಿಯಿತು. ಇನ್ನೆರಡೇ ವಾರ. ಎರಡು ವಾರ ಆ ಗೆರೆಯನ್ನು ಔಷಧಿಯಿಂದ ತಡೆದು ಹಿಡಿದರಾಯಿತು. ಕಡಲನ್ನೇ ಒಡ್ಡು ಕಟ್ಟಿ ನಿಲ್ಲಿಸುತ್ತೇನೆ ಎಂದು ಹೊರಟವರ ಮೂಳೆಗಳು ಬೀಜಾಡಿಯ ಮರಳಿನಲ್ಲಿ ಬೇಕಾದಷ್ಟಿವೆ. ಶ್ರೀಲತಾಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅವಳು ಆ್ಯಂಟಿಬಯೋಟಿಕ್ ಮಾತ್ರೆ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಅದಾಗಿ ಎರಡು ದಿನಕ್ಕೆ ಡ್ಯೂಟಿ ಬದಲಾಗಿ ಅವಳನ್ನು ಬೆಳಿಗ್ಗೆಯೇ ವಾಪಸ್ ಕಳಿಸಿದರು. ಬಿಸಿಲು ಇನ್ನೂ ಏರಿರಲಿಲ್ಲ. ಮನೆಯ ಮುಂದೆ ಒಂದೂ ಬೆಕ್ಕಿರಲಿಲ್ಲ. ಬೆಕ್ಕುಗಳೆಲ್ಲ ಹಿತ್ತಲಲ್ಲಿ ವೃತ್ತವಾಗಿ ಕೂತಿದ್ದವು, ಸಭೆಗೆ ಬಂದ ದೊಡ್ಡ ಮನುಷ್ಯರಂತೆ. ವೃತ್ತದ ನಡುವೆ ಬಾವಿಕಟ್ಟೆಯ ಮೇಲೆ ಸೀತು.

ಬ್ಯಾಂಡೇಜನ್ನು ಅವಳು ಬಿಚ್ಚಿ, ಒಂದು ಸುಕ್ಕಿಲ್ಲದಂತೆ ಸುರುಳಿ ಸುತ್ತಿ, ಒಣಗಿದ ಕಲ್ಲಿನ ಮೇಲೆ ಇಟ್ಟಿದ್ದಳು. ಪಕ್ಕದಲ್ಲಿ ಗಾಜ್ ಬಟ್ಟೆ, ಅದರ ಪಕ್ಕದಲ್ಲಿ ಪ್ಲಾಸ್ಟರ್, ಆಸ್ಪತ್ರೆಯ ಟ್ರೇಯಲ್ಲಿ ಇಟ್ಟಂತೆಯೇ ಕ್ರಮವಾಗಿ. ಎಡಗಾಲು ಪಾದ ಮುಳುಗುವಷ್ಟು ಜರ್ಮನ್ ಬೋಗುಣಿಯಲ್ಲಿತ್ತು. ಬೋಗುಣಿಯಲ್ಲಿ ಜಲಜ ಮೀನು ತೊಳೆದು ಬಿಟ್ಟುಹೋದ ನೀರು, ಕೆಂಪಗೆ, ಮೇಲೆ ಹುರುಪೆ ತೇಲುತ್ತ.

"ಅತ್ತೆ."

ಸೀತು ತಲೆ ಎತ್ತಿದಳು. ಕದ್ದು ಸಿಕ್ಕಿಬಿದ್ದವರ ಮುಖವಲ್ಲ. ಕೆಲಸದ ನಡುವೆ ಯಾರೋ ಕರೆದರಲ್ಲ ಎಂಬ ಮುಖ.

"ಬೇಗ ಬಂದೆಲೆ."

"ಎಂತ ಮಾಡ್ತ್ ಇದ್ರಿ ಅತ್ತೆ?"

"ಎಂತ ಮಾಡುದ್? ಮೀನ್ ನೀರ್ ಬಿದ್ರೆ ಗಾಯ ಒಣ್ಗುದಿಲ್ಲೆ. ನಮ್ಗ್ ಗೊತ್ತಿಲ್ದಾ? ಬುಟ್ಟಿ ಹೊತ್ತವ್ಳ್ ಕೈ ಬೆರಳ್ ಕೊಯ್ಕಂಡ್ರೆ ಮಳೆಗಾಲ ಮುಗ್ಯುವರೆಗೆ ಒಣ್ಗುದಿಲ್ಲೆ. ಸಾಯುದಿಲ್ಲೆ, ಒಣ್ಗುದೂ ಇಲ್ಲೆ." ಅವಳು ಬೋಗುಣಿಯಲ್ಲಿ ಕಾಲನ್ನು ಒಮ್ಮೆ ಆಡಿಸಿದಳು. "ನೀ ಫೋನಂಗ್ ಅಂದದ್ದ್ ಕೇಂಡೆ. ಎಂಟ್ ವಾರ ಇರ್ಕ್ ಅಲ್ದಾ? ಇರ್ಸಿದೆ. ನೋಯುದಂತೂ ಇಲ್ಲೆ ನಂಗೆ. ಇನ್ನ್ ಒಂದ್ ವಾರ, ಅದ್ರ್ ಮೇಲೆ ಸ್ವಲ್ಪ ದಿನ ಇತ್ತ್, ಆ ಮೇಲೆ ನೀ ಒಣ್ಗ್ಸ್."

ಶ್ರೀಲತಾ ಮೊಣಕಾಲೂರಿ ಆ ಕಾಲನ್ನು ನೀರಿನಿಂದ ಎತ್ತಿದಳು. ಕಪ್ಪು ಗೆರೆ ಈಗ ಗೆರೆಯಾಗಿರಲಿಲ್ಲ. ಹೆಬ್ಬೆರಳು, ಅದರ ಪಕ್ಕದ ಬೆರಳು, ಪಾದದ ಮೇಲ್ಭಾಗ, ಎಲ್ಲ ಮಸಿಯಾಗಿತ್ತು. ಕಾಲಿನ ಗಂಟಿನ ಮೇಲೆ ಕೆಂಪು ಏರುತ್ತಿತ್ತು. ಒತ್ತಿದರೆ ಚರ್ಮದ ಕೆಳಗೆ ಏನೋ ಚಿಟಚಿಟ ಎಂದಿತು. ಸೀತುವಿನ ಮೈ ಕೆಂಡವಾಗಿತ್ತು, ಅದೂ ಅವಳಿಗೆ ಗೊತ್ತಿರಲಿಲ್ಲ.

"ಏಳಿ ಅತ್ತೆ. ಹೋಪ."

"ಎಲ್ಲಿಗೆ?"

"ಆಸ್ಪತ್ರೆಗೆ."

"ಹುಚ್ಚಾ ನಿಂಗೆ?" ಸೀತು ಕಟ್ಟೆಯ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆಸ್ಪತ್ರೆಗ್ ಹೋರೆ ಕೇಸ್ ಹೋತ್ತ್ ಅಂಬ್ದ್ ನೀನೇ ಅಲ್ದಾ? ಇಷ್ಟ್ ದಿನ ಕಾಲ್ ಹಾಳ್ ಮಾಡ್ಕಂಡ್ ಕೂತದ್ದ್ ಎಂತಕ್ಕೆ ನಾನ್? ಬತ್ತಿಲ್ಲೆ."

ಆ ಹಿಡಿತ ಬಿಡಿಸಲು ಶ್ರೀಲತಾ, ರಿಕ್ಷಾದವನು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಎಲ್ಲ ಸೇರಬೇಕಾಯಿತು. ಬಲೆ ಎಳೆದು ಬೆಳೆದ ಕೈಗಳು. ಬಾವಿಕಟ್ಟೆಯೇ ಕಿತ್ತು ರಿಕ್ಷಾದಲ್ಲಿ ಬಂತು ಎಂದು ಜಲಜ ಇಂದಿಗೂ ಆಣೆ ಹಾಕುತ್ತಾಳೆ.

ಉಮಾನಾಥ ಡಾಕ್ಟರು ಕಾಲು ನೋಡಿದರು, ಆಮೇಲೆ ಶ್ರೀಲತಾಳನ್ನು ನೋಡಿದರು. "ಒಣಗುತ್ತಾ ಇದೆ ಅಂದಿರಲ್ಲ ಸಿಸ್ಟರ್" ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಕೈ ತೊಳೆಯಲು ಹೋಗುತ್ತ, "ಮೊಣಕಾಲಿನ ಕೆಳಗೆ ಕತ್ತರಿಸಲು ಸಿಕ್ಕಿದರೆ ನಮ್ಮ ಪುಣ್ಯ," ಎಂದರು ಅಷ್ಟೆ.

ಮೊಣಕಾಲಿನ ಕೆಳಗೆ ಸಿಕ್ಕಿತು.

ಚಂದ್ರ ಬೋಟಿನಿಂದ ಇಳಿದವನೇ ಆಸ್ಪತ್ರೆಗೆ ಬಂದ. ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಚಪ್ಪಟೆಯಾಗಿದ್ದ ಜಾಗವನ್ನು ಬಹಳ ಹೊತ್ತು ನೋಡಿದ. "ಮನ್ಯಂಗ್ ನರ್ಸ್ ಇದ್ದಿತ್ತ್ ಅಲ್ದಾ," ಎಂದ. ಬೈಯಲಿಲ್ಲ, ಅಳಲಿಲ್ಲ. ಆ ಒಂದು ಮಾತು ಶ್ರೀಲತಾಳ ಮೈಮೇಲೆ ಬಿದ್ದ ಭಾರಕ್ಕೆ ಆಸ್ಪತ್ರೆಯ ನೆಲ ಒಂದು ಗೇಣು ತಗ್ಗಿರಬೇಕು. ಯಾರಿಗೂ ಕಾಣಲಿಲ್ಲ, ಅಷ್ಟೆ.

ಯೂನಿವರ್ಸಿಟಿಗೆ ಅವಳು ನಿಜವನ್ನೇ ಬರೆದಳು. ರೋಗಿ ಆಸ್ಪತ್ರೆ ಸೇರಿದ್ದಾರೆ ಎಂದು. ಉತ್ತರ ಬೇಗ ಬಂತು, ಆ ನೆಟ್ ಜೀವನದಲ್ಲಿ ಮೊದಲ ಬಾರಿಗೆ ಬೇಗ ಕೆಲಸ ಮಾಡಿತ್ತು. ಕೇಸು ರದ್ದಾಗಿದೆ, ವಿಷಾದಿಸುತ್ತೇವೆ, ಹೊಸ ರೋಗಿಯನ್ನು ಆರಿಸಿಕೊಂಡು ಮುಂದಿನ ವರ್ಷ ಮತ್ತೆ ಶುರು ಮಾಡಬಹುದು.

ಸೀತುವಿಗೆ ಪ್ರಜ್ಞೆ ಪೂರ್ತಿ ತಿಳಿಯಾದ ದಿನ ಅವಳು ಮೊದಲು ಕೇಳಿದ್ದು ಕಾಲನ್ನಲ್ಲ.

"ಪಾಸ್ ಆಯ್ತಾ?"

ಶ್ರೀಲತಾ ಗಂಜಿ ಕಲಕುತ್ತಿದ್ದಳು. ಚಮಚ ನಿಂತಿತು.

"ಆಯ್ಲಿಲ್ಲ ಅಂದ್ರೆ ಹೇಳ್ ಹೆಣ್ಣೆ, ನಾಚ್ಕಿ ಬ್ಯಾಡ," ಎಂದಳು ಸೀತು. ಹೊದಿಕೆಯ ಕೆಳಗಿನಿಂದ ಬಲಗಾಲನ್ನು ಮೆಲ್ಲಗೆ ಹೊರಗೆ ಸರಿಸಿ, ಬೆರಳುಗಳನ್ನು ಆಡಿಸಿ ತೋರಿಸಿದಳು. "ಇನ್ನೊಂದ್ ಇತ್ತಲೆ. ಈ ಸಲ ನಾ ಸ್ವಲ್ಪ ಸ್ವಲ್ಪ ಮಾಡ್ತೆ, ಹೆಚ್ಚ್ ಆಪ್ದಿಲ್ಲೆ."

ತಮಾಷೆಯ ಗೆರೆ ಎಲ್ಲಾದರೂ ಇದೆಯೇ ಎಂದು ಶ್ರೀಲತಾ ಆ ಮುಖವನ್ನು ಹುಡುಕಿದಳು. ಇರಲಿಲ್ಲ. ಬುಟ್ಟಿಯಲ್ಲಿ ಉಳಿದ ಮೀನನ್ನು ಮನೆಯವರಿಗೇ ಎತ್ತಿಡುವವಳ ಪ್ರೀತಿ ಮಾತ್ರ ಇತ್ತು.

"ಪಾಸ್ ಆಯ್ತ್ ಅತ್ತೆ," ಎಂದಳು ಶ್ರೀಲತಾ. "ಓದ್ ಎಲ್ಲ ಮುಗೀತ್."

ಆ ಸುದ್ದಿ ಹೊರಟ ವೇಗಕ್ಕೆ ಹೆದ್ದಾರಿಯ ಲಾರಿಗಳು ಬದಿಗೆ ಸರಿದವು. ಕೋಟೇಶ್ವರದ ಮಾರ್ಕೆಟ್ಟಿನಿಂದ ಬ್ರಹ್ಮಾವರಕ್ಕೆ, ಬೈಂದೂರಿಗೆ. ತನ್ನ ಕಾಲು ಕೊಟ್ಟು ಸೊಸೆಗೆ ಡಿಗ್ರಿ ತಂದವಳು ಎಂದು ಸೀತುವನ್ನು ನೋಡಲು ಜನ ಬಂದರು. ಸೀತು ಗೋಡೆಗೆ ಒರಗಿ, ಪ್ರತಿ ಸಲವೂ ಒಂದಿಷ್ಟು ಉಪ್ಪು ಖಾರ ಹೆಚ್ಚಿಸಿ ಹೇಳಿದಳು. ಕೊನೆಗೆ ಕಾಲನ್ನು ಡೆಲ್ಲಿಯ ಕಾಲೇಜಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂಬಲ್ಲಿಗೆ ಬಂತು. ಬಂದವರೆಲ್ಲ ಶ್ರೀಲತಾಳ ಕೈ ಹಿಡಿದು ಶುಭ ಹೇಳಿದರು. ಆಕೆ ಡೋಂಗಲ್ ಬಿಚ್ಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ವಾರ್ಡಿನಲ್ಲಿ ಹುಡುಗಿ ಕೈ ತಟ್ಟಿದರೆ ಬೇಗ ಬೇಗ ಹೋದಳು. ಇನ್‌ಚಾರ್ಜ್ ಯಾವಾಗ ಮಾಡುತ್ತಾರೆ ಎಂದು ಚಂದ್ರ ಕೇಳಿದಾಗ, ಮಾಡುತ್ತಾರೆ ಎಂದಳು.

ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಅವಳು ಸೀತುವಿನ ಬಲಗಾಲನ್ನು ಮಡಿಲಲ್ಲಿಟ್ಟು ನೋಡುತ್ತಾಳೆ. ಬೆರಳುಗಳ ಸಂದು, ಹಿಮ್ಮಡಿ, ಅಂಗಾಲು. ಹುಟ್ಟಿದ ಮಗುವನ್ನೂ ಯಾರೂ ಹಾಗೆ ನೋಡುವುದಿಲ್ಲ.

ಒಂದು ಬೆಳಿಗ್ಗೆ ಹಾಗೆ ನೋಡುತ್ತಿದ್ದಾಗ ಸೀತು ಕೇಳಿದಳು. "ಡಿಗ್ರಿ ಮೇಲೆ ಇನ್ನೊಂದ್ ದೊಡ್ಡ್ ಡಿಗ್ರಿ ಇತ್ತಂಬ್ರ್. ಹೌದಾ?"

"ಯಾರ್ ಹೇಳಿರ್?"

"ಯಾರಾರೂ ಹೇಳ್ಲಿ. ಇತ್ತಾ?"

"ಇತ್ತ್. ನಂಗ್ ಬ್ಯಾಡ ಅತ್ತೆ."

"ಬ್ಯಾಡ ಅಂಬ್ದ್ ಎಂತಕ್ಕೆ? ಇಷ್ಟ್ ಓದ್ದವ್ಳ್ ಅರ್ದಕ್ಕ್ ನಿಲ್ಲುದಾ?" ಸೀತು ಸ್ವರ ತಗ್ಗಿಸಿದಳು. "ಅದ್ಕೂ ಕೇಸ್ ಬೇಕಾತ್ತಾ?"

"ಇಲ್ಲೆ. ಅದ್ಕ್ ಕೇಸ್ ಬ್ಯಾಡ. ಬರೀ ಓದುದ್."

ಸೀತು ಅವಳನ್ನು ನೋಡಿದಳು. ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ನೋಡುವ ಕಣ್ಣು ಅದು. ನಲವತ್ತು ವರ್ಷ ಯಾವ ಬೋಟಿನವನೂ ಆ ಕಣ್ಣಿಗೆ ಹಳೆ ಮೀನು ದಾಟಿಸಿರಲಿಲ್ಲ.

"ಹೆದ್ರಬ್ಯಾಡ ಹೆಣ್ಣೆ," ಎಂದಳು ಸೀತು, ಸೊಸೆಯ ತಲೆ ಸವರಿ. "ನಾ ಇದ್ದೆ."

ಕುಂದಾಪುರದ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು, ನಿಂತು, ಹೊರಟುಹೋಯಿತು. ಶ್ರೀಲತಾ ಆ ಕಾಲನ್ನು ಕೈಯಿಂದ ಬಿಡಲಿಲ್ಲ.